ಕೊಡದಿಂದ ಕೊಳದವರೆಗೆ

“ನಮ್ಮ ಅವ್ವಂದಿರು ಬಾವಿಯಿಂದ ನೀರು ಸೇದುತ್ತಿದ್ದರು. ಅವರಿಗೆ ಬಿಪಿ ಇರಲಿಲ್ಲ, ಶುಗರ್ ಇರಲಿಲ್ಲ, ಕೊಲೆಸ್ಟ್ರಾಲ್ ಎಂಬ ಹೆಸರೇ ಗೊತ್ತಿರಲಿಲ್ಲ.” ಆಳಂದ, ಅಫಜಲಪುರ, ಜೇವರ್ಗಿ ಕಡೆ ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಹೆಚ್ಚಾಗಿ ಗಂಡಸರು. ಮನೆಗೆ ನಲ್ಲಿ ಬಂದ ಮೇಲೆ ಹೆಂಗಸರು ಮೈಗಳ್ಳರಾದರು, ಅದಕ್ಕೇ ಈ ರೋಗಗಳೆಲ್ಲ ಬಂದವು ಎಂಬ ಧ್ವನಿ ಅದರೊಳಗೆ ಅಡಗಿರುತ್ತದೆ. ನಾವು ಈ ಮಾತನ್ನು ಸ್ವಲ್ಪ ಕೆದಕಿ ನೋಡಬೇಕೆಂದಿದ್ದೇವೆ. ಯಾಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಹೆಂಗಸರ ತಲೆಯ ಮೇಲೆ ಹೊರಿಸಿದ ಮತ್ತೊಂದು ಕೊಡ.

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳನ್ನು ಒಂದಕ್ಕೊಂದು ಹೊಂದಿಸಿರುವುದು ನೀರೇ. ಮಹಾರಾಷ್ಟ್ರದಿಂದ ಇಳಿದು ಬರುವ ಭೀಮಾ ನದಿ ಅಫಜಲಪುರ ತಾಲ್ಲೂಕನ್ನು ಹಾಯ್ದು ಜೇವರ್ಗಿಯ ಅಂಚಿನಲ್ಲಿ ಸಾಗಿ ಮುಂದೆ ಕೃಷ್ಣೆಯನ್ನು ಕೂಡುತ್ತದೆ. ಆಳಂದದ ಅಮರ್ಜಾ ನದಿ ಕೋರಳ್ಳಿಯ ಅಣೆಕಟ್ಟೆಯಲ್ಲಿ ತಂಗಿ, ಗಾಣಗಾಪುರದ ಬಳಿ ಭೀಮೆಗೆ ಸೇರುತ್ತದೆ. ಆ ಸಂಗಮದಲ್ಲಿ ಮುಳುಗೆದ್ದು ದತ್ತನ ದರ್ಶನಕ್ಕೆ ಹೋಗುವ ಹೆಂಗಸರೂ, ಆಳಂದದ ಲಾಡ್ಲೆ ಮಶಾಯಖರ ದರ್ಗಾದ ಅಂಗಳದಲ್ಲಿ ಕೈಕಾಲು ತೊಳೆದು ಕೂರುವ ಹೆಂಗಸರೂ ಒಂದೇ ಕರಿ ಮಣ್ಣಿನವರು. ತೊಗರಿ, ಜೋಳ ಬೆಳೆಯುವ ನೆಲ. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ.

ಈ ಸೀಮೆಯಲ್ಲಿ ನೀರಿಗೆ ಸುಖದ ಇತಿಹಾಸವೂ ಒಂದಿದೆ. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಗೆ ಹತ್ತಿರ, ಭೀಮೆಯ ದಂಡೆಯಲ್ಲಿ ಫಿರೋಜಾಬಾದ್ ಎಂಬ ಹಳ್ಳಿಯಿದೆ. ಬಹಮನಿ ಸುಲ್ತಾನ ಫಿರೋಜ್ ಶಾಹ 1400ರ ಸುಮಾರಿಗೆ ಕಟ್ಟಿಸಿದ ಅರಮನೆಯ ಪಟ್ಟಣ ಅದು. ಕೋಟೆಯ ಗೋಡೆ, ಜಾಮಿಯಾ ಮಸೀದಿಗಳ ಜೊತೆ ಅಲ್ಲಿ ಹಮ್ಮಾಮುಗಳ ಅವಶೇಷವೂ ಉಳಿದಿದೆ. ಹಮ್ಮಾಮ್ ಎಂದರೆ ಬರೀ ಮೈ ತೊಳೆಯುವ ಕೋಣೆಯಲ್ಲ. ಬಿಸಿನೀರು, ಹಬೆ, ಮೈ ನೀವಿಸಿಕೊಳ್ಳುವುದು, ಮಾತುಕತೆ ಎಲ್ಲ ಕೂಡಿದ ಜಾಗ. ನೀರು ಮೈಗೆ ಹಗುರ ಕೊಡುತ್ತದೆ ಎಂಬ ತಿಳಿವಳಿಕೆ ಭೀಮೆಯ ದಂಡೆಯಲ್ಲಿ ಆರುನೂರು ವರ್ಷದ ಹಿಂದೆಯೇ ಇತ್ತು. ಅದು ಅರಮನೆಯ ಗೋಡೆ ದಾಟಿ ಹೊರಗೆ ಬರಲಿಲ್ಲ, ಅಷ್ಟೆ.

ಗೋಡೆಯ ಹೊರಗಿನ ಹೆಂಗಸಿಗೆ ನೀರೆಂದರೆ ಭಾರ. ಲೆಕ್ಕ ಹಾಕಿ ನೋಡೋಣ. ಆರು ಜನರ ಮನೆ, ತಲೆಗೆ 20 ಲೀಟರ್‌ನಂತೆ ದಿನಕ್ಕೆ 120 ಲೀಟರ್. ಒಂದು ಕೊಡಕ್ಕೆ 15 ಲೀಟರ್ ಹಿಡಿದರೆ ಎಂಟು ಕೊಡ. ಒಂದೊಂದು ಕೊಡವನ್ನೂ ಹಗ್ಗ ಹಾಕಿ ಎಳೆಯಬೇಕು, ಇಲ್ಲವೇ ಮೆಟ್ಟಿಲಿಳಿದು ತುಂಬಿಕೊಂಡು ಏರಬೇಕು. ತಲೆಯ ಮೇಲೆ ಸಿಂಬೆ, ಅದರ ಮೇಲೊಂದು ಕೊಡ, ಕಂಕುಳಲ್ಲಿ ಇನ್ನೊಂದು. ಇದು ದನಕರು, ಅರಿವೆ ಒಗೆಯುವುದು, ಮಕ್ಕಳ ಸ್ನಾನ ಯಾವುದನ್ನೂ ಸೇರಿಸದ ಲೆಕ್ಕ. ಬಸುರಿಯಾದರೂ, ಬಾಣಂತನ ಮುಗಿದು ಹೆಚ್ಚು ದಿನವಾಗಿರದಿದ್ದರೂ ಈ ಲೆಕ್ಕದಲ್ಲಿ ರಿಯಾಯಿತಿಯಿರಲಿಲ್ಲ.

ಎಲ್ಲರ ಭಾರವೂ ಒಂದೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ದಲಿತ ಕೇರಿಯ ಹೆಂಗಸು ಊರಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಯಾರಾದರೂ ಮೇಲಿನಿಂದ ಹೊಯ್ಯುವವರೆಗೆ ಕಾಯಬೇಕು, ಅಥವಾ ಹಳ್ಳದ ಉಸುಕಿನಲ್ಲಿ ಒರತೆ ತೋಡಿ ಚಿಪ್ಪಿನಿಂದ ತುಂಬಬೇಕು. 1927ರಲ್ಲಿ ಮಹಾಡದ ಕೆರೆಯ ನೀರನ್ನು ಅಂಬೇಡ್ಕರರು ಮುಟ್ಟಿ ಕುಡಿದಾಗ ಬದಲಾಯಿಸಲು ಹೊರಟದ್ದು ಇದನ್ನೇ. ಇನ್ನೊಂದು ತುದಿಯಲ್ಲಿ ಪರದೆ ಪಾಲಿಸುತ್ತಿದ್ದ ಉಳ್ಳವರ ಮುಸ್ಲಿಮ್ ಮನೆಗಳು. ಅಲ್ಲಿಗೆ ಭಿಸ್ತಿ ಚರ್ಮದ ಮಷಕಿನಲ್ಲಿ ನೀರು ತಂದು ಸುರಿಯುತ್ತಿದ್ದ. ಆ ಮನೆಯ ಹೆಂಗಸಿಗೆ ಕೊಡದ ಭಾರವೂ ಇರಲಿಲ್ಲ, ಬಾವಿಯ ದಾರಿಯ ನಡಿಗೆಯೂ ಇರಲಿಲ್ಲ. “ಎಲ್ಲ ಹೆಂಗಸರೂ ನೀರು ಸೇದಿ ಗಟ್ಟಿಮುಟ್ಟಾಗಿದ್ದರು” ಎನ್ನುವವರು ಈ ಒಳಮನೆಗಳ ಹೆಂಗಸರನ್ನು ಮರೆತುಬಿಡುತ್ತಾರೆ. ಮುಸ್ಲಿಮರಲ್ಲೇ ಕೂಲಿನಾಲಿ ಮಾಡುತ್ತಿದ್ದ ಮನೆಗಳ ಹೆಂಗಸರಿಗೆ ಭಿಸ್ತಿ ಎಲ್ಲಿಂದ ಬರಬೇಕು? ಅವರು ಎಲ್ಲರಂತೆ ಕೊಡ ಹೊತ್ತವರೇ.

ಬಾವಿಯಲ್ಲಿ ಇನ್ನೊಂದು ವಿಚಿತ್ರವಿತ್ತು. ನೀರು ತರುವುದು ಹೆಂಗಸರ ಕೆಲಸ, ನೀರಿನಲ್ಲಿ ಆಡುವುದು ಗಂಡುಹುಡುಗರ ಹಕ್ಕು. ಬೇಸಿಗೆ ರಜೆಯಲ್ಲಿ ಹೊಲದ ಬಾವಿಗೆ ಧುಮುಕಿ, ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿಕೊಂಡು ಈಜು ಕಲಿತ ನೆನಪು ಈ ಕಡೆಯ ಎಷ್ಟೋ ಗಂಡಸರಿಗಿದೆ. ಅವರ ಅಕ್ಕತಂಗಿಯರಿಗೆ ಆ ನೆನಪಿಲ್ಲ. ಅಷ್ಟು ವರ್ಷ ನೀರಿನ ಜೊತೆ ಬಾಳಿದ ಹೆಂಗಸು ಮೊಣಕಾಲಿಗಿಂತ ಮೇಲೆ ನೀರಿಗಿಳಿದದ್ದು ಸಂಗಮದ ಮುಳುಗಿನಲ್ಲಿ ಮಾತ್ರ. ಅದೂ ಅವಸರದಲ್ಲಿ, ಮೈತುಂಬ ಸೀರೆ ಸುತ್ತಿಕೊಂಡು.

ಇನ್ನು ಬಾವಿ ಕೊಟ್ಟ ಆರೋಗ್ಯದ ಮಾತು. ಕೊಡ ಹೊರುವುದು ಎದೆಬಡಿತ ಏರಿಸುವ ಶ್ರಮ, ಅದು ನಿಜ. ಆದರೆ ಅದು ಕುತ್ತಿಗೆಯ ಎಲುಬನ್ನು ಸವೆಸುತ್ತದೆ, ಮಂಡಿಯನ್ನು ಅರೆಯುತ್ತದೆ, ಹೆರಿಗೆಯಾದ ಮೈಯಲ್ಲಿ ಗರ್ಭಕೋಶ ಜಾರುವಂತೆ ಮಾಡುತ್ತದೆ. ಮೆಟ್ಟಿಲುಬಾವಿಗಳಲ್ಲಿ ಮತ್ತೊಂದು ಪೀಡೆಯೂ ಇತ್ತು. ನಾರುಹುಣ್ಣು ಎಂದರೆ ಹಿರಿಯರಿಗೆ ಈಗಲೂ ನೆನಪಾಗುತ್ತದೆ. ರೋಗಿಯ ಕಾಲಿನ ಹುಣ್ಣು ನೀರಿಗೆ ತಾಗಿದಾಗ ಹುಳ ತನ್ನ ಮರಿಗಳನ್ನು ಬಿಡುತ್ತದೆ. ಅದೇ ನೀರು ಕುಡಿದವರ ಮೈಯಲ್ಲಿ ಒಂದು ವರ್ಷದ ನಂತರ ಗೇಣುದ್ದದ, ಮೊಳದುದ್ದದ ಹುಳ ಹೊರಬರುತ್ತದೆ. ಕರ್ನಾಟಕ ಈ ರೋಗವಿದ್ದ ರಾಜ್ಯಗಳಲ್ಲೊಂದು. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಮೆಟ್ಟಿಲುಬಾವಿಗಳನ್ನು ಮುಚ್ಚಿಸಿತು ಅಥವಾ ಮೆಟ್ಟಿಲು ತೆಗೆಸಿ ಸೇದುವ ಬಾವಿ ಮಾಡಿಸಿತು, ಕೈಪಂಪು ಹಾಕಿಸಿತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಹಳೆಯ ಬಾವಿಯ ಚಿತ್ರ ನೋಡಿ ನಿಟ್ಟುಸಿರು ಬಿಡುವಾಗ ಇದೂ ನೆನಪಿರಲಿ.

“ಆಗ ಕೊಲೆಸ್ಟ್ರಾಲ್ ಇರಲಿಲ್ಲ” ಎಂಬುದಕ್ಕೆ ಸರಳ ಉತ್ತರವಿದೆ. ಅಳೆದವರು ಯಾರು? 1951ರ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಎಳೆಯ ಮಕ್ಕಳ ಸಾವೇ ಹೆಚ್ಚಾಗಿದ್ದುದರಿಂದ ಸರಾಸರಿ ಅಷ್ಟು ಕೆಳಗಿತ್ತು ಎಂಬುದೂ ಸರಿಯೇ. ಆದರೂ ಹೆರಿಗೆಯಲ್ಲಿ, ಕಾಲರಾದಲ್ಲಿ, ಕ್ಷಯದಲ್ಲಿ ತೀರಿಹೋದ ಹೆಂಗಸಿಗೆ ಐವತ್ತೈದರಲ್ಲಿ ಬರುವ ಹೃದಯದ ರೋಗ ಬರಲು ಅವಕಾಶವೇ ಇರಲಿಲ್ಲ.

1972ರ ಬರದ ನಂತರ ಬೋರ್‌ವೆಲ್‌ಗಳು ಹೆಚ್ಚಿದವು. ಇಂಡಿಯಾ ಮಾರ್ಕ್ 2 ಕೈಪಂಪು ಹಳ್ಳಿಹಳ್ಳಿಗೆ ಬಂತು. ಆಮೇಲೆ ಸಿಸ್ಟರ್ನ್ ಇಟ್ಟ ಮಿನಿ ನೀರು ಸರಬರಾಜು, 2000ದ ದಶಕದಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ವಿಶ್ವಬ್ಯಾಂಕ್ ನೆರವಿನ ಜಲನಿರ್ಮಲ ಯೋಜನೆ, 2019ರಿಂದ ಜಲಜೀವನ. ಈಗಲೂ ಏಪ್ರಿಲ್ ತಿಂಗಳಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲು ಕಾಣುತ್ತದೆ, ನಲ್ಲಿಯಿದ್ದಲ್ಲಿ ನೀರು ಬಾರದ ದಿನಗಳಿವೆ. ಆದರೂ ಅಜ್ಜಿಯ ಎಂಟು ಕೊಡ ಮೊಮ್ಮಗಳಿಗೆ ಇಲ್ಲ. ಬೀಸುಕಲ್ಲು ಹೋಗಿ ಗಿರಣಿ ಬಂತು, ಒರಳು ಹೋಗಿ ಮಿಕ್ಸರ್ ಬಂತು. ಇದಕ್ಕೆ ಯಾರೂ ಮರುಗಬೇಕಿಲ್ಲ. ಹುಡುಗಿಯರು ಶಾಲೆಗೆ ಹೋಗುವಂತಾದದ್ದರ ಹಿಂದೆ ಈ ನಲ್ಲಿಯ ಪಾಲೂ ಇದೆ.

ತಪ್ಪಿದ್ದು ಎಲ್ಲಿ? ಭಾರ ಇಳಿಯಿತು, ಅದರ ಜಾಗದಲ್ಲಿ ಮೈಗೆ ಬೇಕಾದ ಚಲನೆ ಬರಲಿಲ್ಲ. ಗಂಡಸರಿಗೆ ಸಂಜೆಯ ತಿರುಗಾಟವಿತ್ತು, ಚಹಾದ ಅಂಗಡಿಯಿತ್ತು, ವಾಲಿಬಾಲ್ ಮೈದಾನವಿತ್ತು. ಹೆಂಗಸಿಗೆ ಮನೆಯಿಂದ ಹೊರಗೆ ಹೋಗಲು ಇದ್ದ ಒಂದೇ ಒಪ್ಪಿತ ಕಾರಣ ನೀರು. ಅದೂ ಮನೆಯೊಳಗೇ ಬಂದುಬಿಟ್ಟಿತು. ಊಟವೂ ಬದಲಾಯಿತು. ಜೋಳದ ರೊಟ್ಟಿಯ ಜಾಗವನ್ನು ಅಕ್ಕಿ ಒತ್ತತೊಡಗಿತು. ಈ ಸೀಮೆಯದೇ ಆದ ಕುಸುಬಿ ಎಣ್ಣೆ ಹಿಂದೆ ಸರಿದು ತಾಳೆ ಎಣ್ಣೆಯ ಪಾಕೀಟು ಮುಂದೆ ಬಂತು. ಕುಸುಬಿಯಲ್ಲಿರುವ ಕೊಬ್ಬು ಕೆಟ್ಟ ಕೊಲೆಸ್ಟ್ರಾಲನ್ನು ಇಳಿಸುವ ಜಾತಿಯದು. ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಅದನ್ನು ಏರಿಸುವ ಜಾತಿಯದು. ಗಾಣ ನಿಂತದ್ದನ್ನು ನಾವು ಸಂಸ್ಕೃತಿಯ ನಷ್ಟವೆಂದು ಬರೆಯುತ್ತೇವೆ, ರಕ್ತನಾಳದ ನಷ್ಟವೆಂದು ಬರೆಯುವುದಿಲ್ಲ.

ಈ ನಷ್ಟದ ಅಂಕಿಗಳು ಈಗ ಬಂದಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಧುಮೇಹದ ಬಗ್ಗೆ ನಡೆಸಿದ ದೇಶವ್ಯಾಪಿ ಸಮೀಕ್ಷೆಯ ಮೊದಲ ಹಂತ ಮೂರು ರಾಜ್ಯ ಮತ್ತು ಒಂದು ಕೇಂದ್ರಾಡಳಿತ ಪ್ರದೇಶದ್ದು. 2014ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ 72.3 ಶೇಕಡಾ ಜನರಲ್ಲಿ ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟ್ರಾಲ್, ಕಡಿಮೆಯಿತ್ತು. 2023ರಲ್ಲಿ ಇಡೀ ದೇಶದ ಲೆಕ್ಕ ಬಂದಾಗ 81.2 ಶೇಕಡಾ ವಯಸ್ಕರ ರಕ್ತದ ಕೊಬ್ಬಿನಲ್ಲಿ ಒಂದಲ್ಲ ಒಂದು ಏರುಪೇರು ಕಂಡಿತು. ದೈಹಿಕ ಚಟುವಟಿಕೆಯ ಬಗ್ಗೆ 2024ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಇನ್ನೂ ಸ್ಪಷ್ಟ. ಸಾಕಷ್ಟು ಮೈ ಅಲುಗಿಸದ ಭಾರತೀಯ ಗಂಡಸರು 42 ಶೇಕಡಾ, ಹೆಂಗಸರು 57 ಶೇಕಡಾ. ಈ ಅಂತರ ಮೈಗಳ್ಳತನದ್ದಲ್ಲ, ಜಾಗದ್ದು.

ಹೃದಯದ ವಿಜ್ಞಾನದಲ್ಲಿಯೂ ಹೆಂಗಸಿನ ಜಾಗ ಬಹುಕಾಲ ಬದಿಯಲ್ಲೇ ಇತ್ತು. ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ರಕ್ತನಾಳ ಕಟ್ಟಿಕೊಳ್ಳುವುದನ್ನು ರಷ್ಯದ ಅನಿಚ್ಕೋವ್ 1913ರಲ್ಲಿ ತೋರಿಸಿದ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 5209 ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ಶುರುವಾಯಿತು. ಅದರ ದೊಡ್ಡಸ್ತಿಕೆ ಏನೆಂದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಆದರೆ ವ್ಯಾಯಾಮಕ್ಕೂ ಹೃದಯಕ್ಕೂ ನಂಟು ತೋರಿಸಿದ ಹೆಸರಾಂತ ಅಧ್ಯಯನ, ಲಂಡನ್ನಿನ ಜೆರ್ರಿ ಮಾರಿಸ್ 1953ರಲ್ಲಿ ಪ್ರಕಟಿಸಿದ್ದು, ಬಸ್ಸಿನ ಗಂಡಸರದ್ದು. ಕುಳಿತೇ ಇರುವ ಡ್ರೈವರಿಗಿಂತ ಎರಡಂತಸ್ತಿನ ಬಸ್ಸಿನ ಮೆಟ್ಟಿಲನ್ನು ದಿನವಿಡೀ ಹತ್ತಿಳಿಯುವ ಕಂಡಕ್ಟರಿಗೆ ಹೃದಯಾಘಾತ ಕಡಿಮೆ ಎಂದು ಅವರು ಕಂಡುಕೊಂಡರು. ಕೊಲೆಸ್ಟ್ರಾಲ್ ಇಳಿಸಿದರೆ ಹೃದಯಾಘಾತ ಇಳಿಯುತ್ತದೆ ಎಂದು 1984ರಲ್ಲಿ ಸಾಧಿಸಿದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಇದ್ದದ್ದು 3806 ಜನ, ಎಲ್ಲರೂ ಗಂಡಸರು. ಹೃದಯದ ರೋಗ ಗಂಡಸಿನದು ಎಂಬ ನಂಬಿಕೆ ಹೀಗೆ ವಿಜ್ಞಾನದ ಅಂಗಿ ತೊಟ್ಟಿತು. ಅದರ ಬೆಲೆಯನ್ನು ನಮ್ಮ ಹಳ್ಳಿಯ ಹೆಂಗಸು ಈಗಲೂ ತೆರುತ್ತಿದ್ದಾಳೆ. ಉಸಿರು ಕಟ್ಟಿತು, ಬೆನ್ನು ಹಿಡಿಯಿತು, ದವಡೆ ನೋಯುತ್ತದೆ, ಹೊಟ್ಟೆ ತೊಳಸುತ್ತದೆ ಎಂದರೆ “ಗ್ಯಾಸ್ ಆಗಿದೆ” ಎಂದು ಸೋಡಾ ಕುಡಿಸುತ್ತಾರೆ. ಹೆಂಗಸರಲ್ಲಿ ಹೃದಯಾಘಾತ ಇಂಥ ವೇಷದಲ್ಲಿಯೂ ಬರುತ್ತದೆ.

ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಎಂಬ ಹಾರ್ಮೋನು ಹೆಂಗಸಿನ ರಕ್ತನಾಳಗಳನ್ನು ಒಂದಿಷ್ಟು ಕಾಯುತ್ತದೆ. ನಿಂತ ಮೇಲೆ ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಏರತೊಡಗುತ್ತದೆ. ಸರಿಯಾಗಿ ಇದೇ ವಯಸ್ಸಿಗೆ ಮಂಡಿ ನೋವು ಶುರುವಾಗುತ್ತದೆ. ಡಾಕ್ಟರು “ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿರಿ” ಎಂದು ಚೀಟಿಯಲ್ಲಿ ಬರೆಯುತ್ತಾರೆ. ಜೇವರ್ಗಿಯ ಮೇ ತಿಂಗಳ ಬಿಸಿಲು, ಫುಟ್‌ಪಾತ್ ಇಲ್ಲದ ರಸ್ತೆ, ಬೀದಿನಾಯಿ, “ಎಲ್ಲಿಗೆ ಹೊರಟಳು ಇವಳು” ಎಂಬ ಕಣ್ಣುಗಳು, ಇವೆಲ್ಲದರ ನಡುವೆ ಊದಿದ ಮಂಡಿಯವಳು ಎಷ್ಟು ದಿನ ನಡೆದಾಳು?

ಇಲ್ಲಿಯೇ ನೀರಿನ ವ್ಯಾಯಾಮದ ಕತೆ ನಮಗೆ ಸಂಬಂಧಿಸುತ್ತದೆ. ಏರೋಬಿಕ್ಸ್ ಎಂಬ ಮಾತನ್ನು ಮನೆಮಾತಾಗಿಸಿದ್ದು ಅಮೆರಿಕದ ವಾಯುಸೇನೆಯ ವೈದ್ಯ ಕೆನೆತ್ ಕೂಪರ್, 1968ರ ತನ್ನ ಪುಸ್ತಕದಿಂದ. ಹೆಂಗಸರಿಗೆ ಬೇರೆಯದೇ ಪುಸ್ತಕ ಬೇಕೆಂದು ಅವರ ಪತ್ನಿ ಮಿಲ್ಡ್ರೆಡ್ ಕೂಪರ್ ಪತಿಯೊಂದಿಗೆ 1972ರಲ್ಲಿ ಇನ್ನೊಂದನ್ನು ಬರೆದರು. ಅದೇ ಕುಣಿತ, ನಡಿಗೆ, ಕೈಬೀಸುಗಳನ್ನು ಎದೆಮಟ್ಟದ ನೀರಿನಲ್ಲಿ ಮಾಡಿಸುವ ಪದ್ಧತಿ ಮುಂದಿನ ದಶಕಗಳಲ್ಲಿ ಹರಡಿತು. ಇದಕ್ಕೆ ಈಜು ಬರಬೇಕಿಲ್ಲ. ತಲೆ ಮುಳುಗಿಸಬೇಕಿಲ್ಲ. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಅರ್ಧಕ್ಕಿಳಿಯುತ್ತದೆ, ಎದೆಯವರೆಗಿದ್ದರೆ ಸುಮಾರು ಮೂರರಲ್ಲಿ ಒಂದು ಭಾಗಕ್ಕೆ. 75 ಕಿಲೋದ ಹೆಂಗಸಿನ ಮಂಡಿ 25 ಕಿಲೋದ ಹುಡುಗಿಯದಂತಾಗುತ್ತದೆ. ಆದರೆ ಕೆಲಸ ಹಗುರವಲ್ಲ. ನೀರಿನಲ್ಲಿ ಕೈಯನ್ನು ಎರಡು ಪಟ್ಟು ಜೋರಾಗಿ ಬೀಸಿದರೆ ಸುಮಾರು ನಾಲ್ಕು ಪಟ್ಟು ತಡೆ ಎದುರಾಗುತ್ತದೆ. ಎಷ್ಟು ಜೋರು ಎಂಬುದು ಬೀಸುವವಳ ಕೈಯಲ್ಲೇ ಇದೆ. ಕೊಡ ಹೊರುವಾಗ ಭಾರವನ್ನು ನಿರ್ಧರಿಸುತ್ತಿದ್ದದ್ದು ಮನೆಯ ಅಗತ್ಯ, ಇಲ್ಲಿ ಅವಳೇ.

ಕೊಲೆಸ್ಟ್ರಾಲಿಗೆ ಇದರಿಂದ ಏನಾದರೂ ಆಗುತ್ತದೆಯೇ? ದಕ್ಷಿಣ ಬ್ರೆಜಿಲ್‌ನ ರಿಯೋ ಗ್ರಾಂಡೆ ದೊ ಸುಲ್ ಫೆಡರಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಕೊಲೆಸ್ಟ್ರಾಲ್ ಏರಿದ ಹಿರಿಯ ಹೆಂಗಸರಲ್ಲೇ ಪರೀಕ್ಷಿಸಿದರು. ಸುಮಾರು ಹತ್ತು ವಾರ ಈಜುಕೊಳದಲ್ಲಿ ವ್ಯಾಯಾಮ ಮಾಡಿದವರ ಒಟ್ಟು ಕೊಲೆಸ್ಟ್ರಾಲ್ ಮತ್ತು ಎಲ್‌ಡಿಎಲ್ ಇಳಿದವು. ಇಂಥ ಪ್ರಯೋಗಗಳು ಸಣ್ಣವು, ಮತ್ತು ವ್ಯಾಯಾಮ ಯಾವುದೇ ಆಗಲಿ ಎಲ್‌ಡಿಎಲ್ ಮೇಲೆ ಅದರ ಪರಿಣಾಮ ಮಾತ್ರೆಯಷ್ಟು ದೊಡ್ಡದಲ್ಲ. ಟ್ರೈಗ್ಲಿಸರೈಡ್, ಸಕ್ಕರೆ, ರಕ್ತದೊತ್ತಡ, ತೂಕ, ನಿದ್ರೆ ಎಲ್ಲವನ್ನೂ ಒಂದಿಷ್ಟೊಂದಿಷ್ಟು ತಿದ್ದುವುದು ವ್ಯಾಯಾಮದ ಗುಣ. ಆದ್ದರಿಂದ ಡಾಕ್ಟರು ಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ಕೊಳ ಸಿಕ್ಕಿತೆಂದು ಬಿಡಬಾರದು. ಎದೆಮಟ್ಟದ ನೀರು ಕಾಲಿನ ರಕ್ತವನ್ನು ಎದೆಯ ಕಡೆ ತಳ್ಳುತ್ತದೆ. ಹೃದಯ ಸೋತವರು, ಹತೋಟಿಗೆ ಬಾರದ ಬಿಪಿಯವರು, ಕಾಲಿನಲ್ಲಿ ಗಾಯವಿರುವ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಇಳಿಯಬಾರದು. ಉಳಿದವರಿಗೆ ಅಳತೆ ಸುಲಭ. ಪಕ್ಕದವಳ ಜೊತೆ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಜೋರು. ವಾರಕ್ಕೆ ಒಟ್ಟು 150 ನಿಮಿಷ.

“ನಮ್ಮ ಹೆಂಗಸರು ಕೊಳಕ್ಕಿಳಿಯುವುದೇ?” ಎಂದು ಹುಬ್ಬೇರಿಸುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ನಮ್ಮವರಿಗೆ ನಾವು ಎರಡು ಮಾತು ಹೇಳಬಹುದು. ಮಕ್ಕಳಿಗೆ ಈಜು ಕಲಿಸಿರಿ ಎಂಬ ಮಾತು ಖಲೀಫ ಉಮರ್(ರ) ಅವರ ಹೆಸರಿನಲ್ಲಿ ಪ್ರಚಲಿತವಿದೆ. ಅದನ್ನು ಉಪನ್ಯಾಸದಲ್ಲಿ ಕೇಳಿದವರು ಗಂಡುಮಕ್ಕಳನ್ನಷ್ಟೇ ಬಾವಿಗೆ ಕಳಿಸುತ್ತಾರೆ. ಪ್ರವಾದಿ ಮುಹಮ್ಮದ್(ಸ) ತಮ್ಮ ಪತ್ನಿ ಆಯಿಶಾ(ರ) ಅವರೊಂದಿಗೆ ಓಟದ ಪಂದ್ಯ ಕಟ್ಟಿದ್ದರು. ಮೊದಲ ಸಲ ಆಯಿಶಾ ಗೆದ್ದರು. ಮುಂದೆ ಮೈ ತುಂಬಿಕೊಂಡ ಮೇಲೆ ಮತ್ತೊಮ್ಮೆ ಓಡಿ ಸೋತರು. ಇದನ್ನು ಹೇಳಿದವರು ಸ್ವತಃ ಆಯಿಶಾ ಅವರೇ. ತೂಕ ಏರಿದ್ದನ್ನೂ, ಆಮೇಲೂ ಓಡಿದ್ದನ್ನೂ ಅವರು ಮುಚ್ಚಿಡಲಿಲ್ಲ.

ನೀರಿಗಾಗಿ ಓಡಿದ ಹೆಂಗಸರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಹಾಜಿರಾ(ಅ) ಅವರದು. ಎಳೆಯ ಮಗನ ಬಾಯಾರಿಕೆಗೆ ಸಫಾ, ಮರ್ವಾ ಗುಡ್ಡಗಳ ನಡುವೆ ಏಳು ಸಲ ಅವರು ಓಡಾಡಿದರು. ಹಜ್ಜಿಗೆ ಹೋದವರೆಲ್ಲ ಈಗಲೂ ಆ ಹಾದಿಯನ್ನು ನಡೆಯಬೇಕು, ಏಳು ಸುತ್ತಿಗೆ ಸುಮಾರು ಮೂರು ಕಿಲೋಮೀಟರ್. ಹಸಿರು ದೀಪಗಳ ನಡುವೆ ಗಂಡಸರು ದೌಡಾಯಿಸುತ್ತಾರೆ, ಹೆಂಗಸರು ಅಲ್ಲಿ ನಡೆದರೆ ಸಾಕು ಎಂಬುದು ಫಿಕ್ಹ್‌ನ ನಿಯಮ. ಒಬ್ಬ ತಾಯಿಯ ಓಟ ಗಂಡಸರ ಪಾಲಿಗೆ ಬಂದದ್ದನ್ನು ನೆನೆದಾಗಲೆಲ್ಲ ನಮಗೆ ಏನೋ ಅನಿಸುತ್ತದೆ. ಅದಿರಲಿ, ಹೆಂಗಸು ಮೂರು ಕಿಲೋಮೀಟರ್ ನಡೆಯುವಷ್ಟು ಗಟ್ಟಿಯಾಗಿರಬೇಕು ಎಂಬುದರಲ್ಲಂತೂ ಭಿನ್ನಾಭಿಪ್ರಾಯವಿಲ್ಲ. ಊದಿದ ಮಂಡಿಯಿಂದ ಗಾಲಿಕುರ್ಚಿಯಲ್ಲಿ ಆ ಹಾದಿ ಮುಗಿಸಿ ಬಂದ ಎಷ್ಟೋ ತಾಯಂದಿರು ನಮ್ಮ ನಡುವೆ ಇದ್ದಾರೆ.

ಹೆಂಗಸರಿಗಾಗಿ ಪ್ರತ್ಯೇಕ ಸಮಯ ಎಂಬುದೂ ಹೊಸ ಬೇಡಿಕೆಯಲ್ಲ. ತುರ್ಕರ ನಾಡಿನ ಸಾರ್ವಜನಿಕ ಹಮ್ಮಾಮುಗಳಲ್ಲಿ ಹೆಂಗಸರಿಗೆ ಬೇರೆ ಹೊತ್ತು, ಬೇರೆ ದಿನ, ಕೆಲವೆಡೆ ಬೇರೆ ಕಟ್ಟಡವೇ ಇತ್ತು. 1717ರಲ್ಲಿ ಇಂಗ್ಲೆಂಡಿನ ರಾಯಭಾರಿಯ ಪತ್ನಿ ಲೇಡಿ ಮೇರಿ ಮಾಂಟೆಗ್ಯು ಸೋಫಿಯಾ ನಗರದ ಅಂಥದೊಂದು ಹಮ್ಮಾಮಿಗೆ ಹೋಗಿ ಬೆರಗಾದಳು. ಗಂಡಸರಿಗೆ ಕಾಫಿಯ ಅಂಗಡಿ ಹೇಗೋ ಹೆಂಗಸರಿಗೆ ಇದು ಹಾಗೆ, ಊರಿನ ಸುದ್ದಿಯೆಲ್ಲ ಇಲ್ಲೇ ಎಂಬ ಅರ್ಥದಲ್ಲಿ ಆಕೆ ಊರಿಗೆ ಪತ್ರ ಬರೆದಳು. ಭೀಮೆಯ ದಂಡೆಯ ಹಮ್ಮಾಮೂ ಅದೇ ಪರಂಪರೆಯ ದೂರದ ಕೊಂಡಿ. ಹೆಂಗಸರೇ ಕಲಿಸುವವರು, ಹೆಂಗಸರದೇ ಹೊತ್ತು, ಸುತ್ತ ಎತ್ತರದ ಗೋಡೆ, ಮೈಮುಚ್ಚುವ ಈಜುಡುಪು ಇದ್ದರೆ ಆಳಂದದ ಖದೀಜಾಗೂ ಗಾಣಗಾಪುರದ ಗಂಗಮ್ಮನಿಗೂ ಅಡ್ಡಿಯಿಲ್ಲ. ಸಂಕೋಚ ಇಬ್ಬರದೂ ಒಂದೇ ಅಳತೆಯದು.

ಭೀಮೆಯೇ ಇದೆಯಲ್ಲ ಎನ್ನಬೇಡಿ. ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. 2020ರ ಅಕ್ಟೋಬರಿನಲ್ಲಿ ಮೇಲಿನ ಜಲಾಶಯಗಳಿಂದ ಬಿಟ್ಟ ನೀರು ಅಫಜಲಪುರ, ಜೇವರ್ಗಿಗಳ ಎಷ್ಟೋ ಹಳ್ಳಿಗಳನ್ನು ಮುಳುಗಿಸಿತು. ಬೇಸಿಗೆಯಲ್ಲಿ ಅದೇ ನದಿಯ ಪಾತ್ರದಲ್ಲಿ ಕಲ್ಲು ಮಾತ್ರ. ಸೊನ್ನದ ಬ್ಯಾರೇಜಿನ ಹಿನ್ನೀರು ವ್ಯಾಯಾಮದ ಜಾಗವಲ್ಲ.

ಬರದ ನಾಡಿಗೆ ಈಜುಕೊಳ ಎಂಥ ಶೋಕಿ ಎಂಬ ಆಕ್ಷೇಪಕ್ಕೂ ಲೆಕ್ಕದಲ್ಲೇ ಉತ್ತರ ಹೇಳಬಹುದು. ಹೆಂಗಸರ ವ್ಯಾಯಾಮಕ್ಕೆ 10 ಮೀಟರ್ ಉದ್ದ, 5 ಮೀಟರ್ ಅಗಲ, 1.2 ಮೀಟರ್ ಆಳದ ತೊಟ್ಟಿ ಸಾಕು. ಅದಕ್ಕೆ ಹಿಡಿಯುವ ನೀರು 60 ಸಾವಿರ ಲೀಟರ್. ಅದನ್ನೇ ಸೋಸಿ ಮತ್ತೆ ಮತ್ತೆ ಬಳಸುವುದು, ಆವಿಯಾದಷ್ಟು ಮಾತ್ರ ತುಂಬುವುದು. ಈಗ ಭೀಮೆಯ ದಂಡೆಯ ಒಂದು ಎಕರೆ ಕಬ್ಬನ್ನು ತೆಗೆದುಕೊಳ್ಳಿ. ಒಂದು ಬೆಳೆಗೆ ತೀರಾ ಕಡಿಮೆಯೆಂದರೂ 1500 ಮಿಲಿಮೀಟರ್ ನೀರು ಬೇಕು, ಅಂದರೆ ಎಕರೆಗೆ ಸುಮಾರು 60 ಲಕ್ಷ ಲೀಟರ್. ಒಂದು ಎಕರೆ ಕಬ್ಬಿನ ನೀರಿನಲ್ಲಿ ಇಂಥ ನೂರು ಕೊಳ ತುಂಬುತ್ತವೆ. ಸಕ್ಕರೆಗೆ ನೀರಿದೆ, ಸಕ್ಕರೆ ಕಾಯಿಲೆಯವಳಿಗೆ ಇಲ್ಲ ಎನ್ನುವುದು ನೀರಿನ ಕೊರತೆಯ ಮಾತಲ್ಲ.

ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಹೃದಯದ ಚಿಕಿತ್ಸೆಗೆ ಸೊಲ್ಲಾಪುರ, ಹೈದರಾಬಾದ್ ಎಂದು ಅಲೆದವರಿಗೆ ಅದರ ಬೆಲೆ ಗೊತ್ತು. 371ನೇ ಜೆ ಕಲಮಿನ ನೆನಪಿಗೆ ಆ ಸಂಖ್ಯೆ. ಅದೇ ಕಲಮಿನ ಫಲವಾಗಿ ಈ ಪ್ರದೇಶದ ಅಭಿವೃದ್ಧಿ ಮಂಡಳಿಗೆ ಹಣ ಬರುತ್ತದೆ. ತಾಲ್ಲೂಕಿಗೊಂದು ಕ್ರೀಡಾಂಗಣ ಎಂದಾಗ ನಕ್ಷೆಯಲ್ಲಿ ಮೊದಲು ಮೂಡುವುದು ಹುಡುಗರ ಓಟದ ಪಥ, ಕ್ರಿಕೆಟ್ ಪಿಚ್. ಆ ನಕ್ಷೆಯ ಒಂದು ಮೂಲೆಯಲ್ಲಿ 50 ಚದರ ಮೀಟರ್ ತೊಟ್ಟಿಗೆ ಜಾಗ ಕೇಳಬೇಕಾದವರು ಸ್ವಸಹಾಯ ಸಂಘಗಳ ಹೆಂಗಸರು, ಜಮಾತುಗಳು, ಗ್ರಾಮ ಪಂಚಾಯಿತಿಯ ಮಹಿಳಾ ಸದಸ್ಯರು.

ಕೇಳುವಾಗ ಕೆಲವನ್ನು ಬಿಡಿಸಿ ಹೇಳಬೇಕಾಗುತ್ತದೆ. ಏಣಿಯಲ್ಲ, ಕೈಹಿಡಿ ಇರುವ ಅಗಲವಾದ ಮೆಟ್ಟಿಲು ಬೇಕು, ಮಂಡಿ ನೋವಿನವರು ಏಣಿ ಇಳಿಯಲಾರರು. ಎಲ್ಲಿಯೂ ಎದೆಗಿಂತ ಆಳವಿರಬಾರದು. ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕವಿರಬೇಕು, ಸುತ್ತಲಿನ ಯಾವ ಮಾಳಿಗೆಯಿಂದಲೂ ಕೊಳ ಕಾಣಬಾರದು. ಹೊತ್ತು ಮಧ್ಯಾಹ್ನ 11ರಿಂದ 1ರವರೆಗೆ ಇರಲಿ, ಬೇಸಿಗೆಗೆ ತೊಟ್ಟಿಯ ಮೇಲೆ ನೆರಳು ಇರಲಿ. ಬೆಳಗ್ಗೆ 6 ಗಂಟೆಯ ಬ್ಯಾಚ್ ಹೆಂಗಸರಿಗೆ ಆಗುವುದಿಲ್ಲ, ಅದು ರೊಟ್ಟಿ ಬಡಿಯುವ ಹೊತ್ತು.